ಓದುಗರ ಪ್ರಶ್ನೆಗಳಿಗೆ ಉತ್ತರ: ದೀರ್ಘಶಾಂತಿಯ ಮಾತು

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ, ಅವುಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಬೇರೆ ಬೇರೆ ಮನೆಗಳಿಂದ ಹೇಳುತ್ತಿವೆ ಎನ್ನಿಸಿತು. ತಾಳ್ಮೆಯಿಂದ, ದಯೆಯಿಂದ ಮಾತಾಡಬೇಕೆಂದು ಭಾನುವಾರ ಕೇಳುತ್ತೇವೆ, ಸೋಮವಾರ ನಾಲಿಗೆ ಜಾರುತ್ತದೆ. ಕೆಲವರಿಗಂತೂ ತಾಳ್ಮೆಯ ಹೆಸರಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂದು ಇತರರೇ ಆಜ್ಞೆ ಮಾಡುತ್ತಿದ್ದಾರೆ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ಅಯ್ಯನವರಿಗೆ ಕ್ರಿಸ್ತನಲ್ಲಿ ವಂದನೆಗಳು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಇಡೀ ದಿನ ನಲವತ್ತು ಮಕ್ಕಳ ಗಲಾಟೆಯನ್ನು ಸಹಿಸಿಕೊಳ್ಳುವ ನನಗೆ, ಮನೆಗೆ ಬಂದು ಅವನ ಕೈಯಲ್ಲಿ ಮೊಬೈಲ್ ಕಂಡ ಕೂಡಲೇ ಮೈ ಉರಿಯುತ್ತದೆ. ಪ್ರಿಪರೇಟರಿ ಪರೀಕ್ಷೆಯ ಅಂಕಗಳು ಬಂದ ದಿನ, ನನ್ನ ತಂಗಿಯ ಮನೆಯವರೆಲ್ಲ ಕೂತಿರುವಾಗಲೇ "ನಿನ್ನನ್ನು ಹೆತ್ತದ್ದೇ ದಂಡ" ಎಂದುಬಿಟ್ಟೆ. ರಾತ್ರಿ ಮೊಣಕಾಲೂರಿ ದೇವರ ಮುಂದೆ ಅತ್ತೆ. ಮರುದಿನ ಮಗ, "ಅಮ್ಮ, ಪ್ರಾರ್ಥನೆ ಮಾಡುವಾಗ ನಿನ್ನ ಧ್ವನಿ ಎಷ್ಟು ಮೆತ್ತಗಿರುತ್ತೆ, ನನ್ನ ಹತ್ತಿರ ಮಾತಾಡುವಾಗ ಆ ಧ್ವನಿ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ತಾಳ್ಮೆ ಎಂಬುದು ಹುಟ್ಟಿನಿಂದ ಬರಬೇಕಾದ ಗುಣವೇ?

ಉತ್ತರ: ಅಮ್ಮಾ, ನಿಮ್ಮ ಮಗನ ಪ್ರಶ್ನೆಯಲ್ಲಿ ನಿಂದೆ ಇಲ್ಲ, ಹಂಬಲವಿದೆ. ದೇವರೊಡನೆ ನೀವು ಮಾತಾಡುವ ಧ್ವನಿಯನ್ನು ಅವನು ಬಾಗಿಲ ಆಚೆ ನಿಂತು ಕೇಳಿದ್ದಾನೆ; ಆ ಧ್ವನಿ ತನಗೂ ಬೇಕು ಎನ್ನುತ್ತಿದ್ದಾನೆ. ಅಮ್ಮನ ಮೇಲೆ ಆಸೆಯನ್ನೇ ಬಿಟ್ಟ ಮಗ ಹೀಗೆ ಕೇಳುವುದಿಲ್ಲ.

ಕೋಪ ಬೇಗ ಬರುವವನ ಬಗ್ಗೆ ನಾವು ಕನ್ನಡಿಗರು ಅವನಿಗೆ ಮೂಗಿನ ತುದಿಯಲ್ಲೇ ಕೋಪ ಎನ್ನುತ್ತೇವೆ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯೂ ಕೋಪವನ್ನು ಮೂಗಿನಲ್ಲೇ ಇಟ್ಟಿದೆ. ಆ ಭಾಷೆಯಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ, ಏಕೆಂದರೆ ಸಿಟ್ಟು ಬಂದಾಗ ಉಸಿರು ಬಿಸಿಯಾಗಿ ಮೂಗಿನಿಂದ ಹೊರಡುತ್ತದೆ. ಮುಂಗೋಪಿಯನ್ನು ಜ್ಞಾನೋಕ್ತಿಗಳ ಪುಸ್ತಕವು ಮೂಲದಲ್ಲಿ "ಗಿಡ್ಡ ಮೂಗಿನವನು" ಎಂದು ಕರೆಯುತ್ತದೆ. ಸೀನಾಯಿ ಬೆಟ್ಟದ ಮೇಲೆ ದೇವರು ಮೋಶೆಗೆ ತನ್ನ ಗುಣಗಳನ್ನು ಸಾರುವಾಗ ಹೇಳಿಕೊಂಡ ಮಾತು, ಅಕ್ಷರಶಃ ನೋಡಿದರೆ, "ಉದ್ದ ಮೂಗಿನವನು" ಎಂದಾಗುತ್ತದೆ. ಅದನ್ನೇ ನಮ್ಮ ಕನ್ನಡ ಸತ್ಯವೇದವು "ದೀರ್ಘಶಾಂತನು" ಎಂದು ಹೇಳಿದೆ. ಈ ಪದವನ್ನು ಆರಿಸಿದವರಿಗೆ ನಾನು ಮನಸ್ಸಿನಲ್ಲೇ ಅನೇಕ ಸಲ ಕೈ ಮುಗಿದಿದ್ದೇನೆ, ಏಕೆಂದರೆ ಮೂಲದ ಆ "ಉದ್ದ"ವನ್ನು ಅವರು ಬಿಟ್ಟುಕೊಡಲಿಲ್ಲ. ದೇವರಿಗೆ ಸಿಟ್ಟೇ ಬರುವುದಿಲ್ಲವೆಂದು ಸತ್ಯವೇದವು ಎಲ್ಲಿಯೂ ಹೇಳುವುದಿಲ್ಲ. ಬಿಸಿ ಉಸಿರು ಹುಟ್ಟುವ ಜಾಗಕ್ಕೂ ಅದು ಹೊರಬೀಳುವ ಜಾಗಕ್ಕೂ ನಡುವೆ ಆತನಲ್ಲಿ ಬಹಳ ದೂರವಿದೆ, ಆ ದೂರದಲ್ಲಿ ನಮ್ಮಂಥವರು ತಿರುಗಿಕೊಳ್ಳುವುದಕ್ಕೆ ಸಮಯ ಸಿಗುತ್ತದೆ ಎಂದು ಹೇಳುತ್ತದೆ. ನೀವು ಮಗನಿಗೆ ಕೊಡಬೇಕಾಗಿರುವುದೂ ಆ ಸಮಯವೇ. ಹುಟ್ಟುಗುಣ ಹೇಗೇ ಇರಲಿ, ಸಮಯ ಕೊಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ದೀರ್ಘಶಾಂತಿಯನ್ನು ಆತ್ಮನ ಫಲಗಳ ನಡುವೆ ಇಟ್ಟಿದ್ದಾನೆ. ಅಡಿಕೆ ಸಸಿ ನೆಟ್ಟವರು ಮರುವರ್ಷವೇ ಗೊನೆ ಕೇಳುವುದಿಲ್ಲವಲ್ಲ.

ಶಾಲೆಯಲ್ಲಿ ನಿಮಗೆ ತಾಳ್ಮೆ ಇರುವುದೇಕೆ ಎಂದು ಯೋಚಿಸಿ ನೋಡಿ. ಅಲ್ಲಿನ ಮಗು ತಪ್ಪು ಉತ್ತರ ಬರೆದರೆ ಅದು ನಿಮ್ಮ ಸೋಲೆಂದು ನಿಮಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಅಂಕಪಟ್ಟಿಯ ಮೇಲೆ ಇರುವುದು ಮಗನ ಹೆಸರಾದರೂ ನೀವು ಅದರಲ್ಲಿ ನಿಮ್ಮ ಹೆಸರನ್ನು ಓದುತ್ತೀರಿ. ತಂಗಿಯ ಮನೆಯವರ ಎದುರಿಗೆ ಬಾಯಿಂದ ಬಂದ ಆ ಮಾತು ಅವನ ಭವಿಷ್ಯದ ಚಿಂತೆಯಿಂದ ಬಂದದ್ದಕ್ಕಿಂತ ಹೆಚ್ಚಾಗಿ ನಿಮಗಾದ ಅವಮಾನದಿಂದ ಬಂದದ್ದು. ಇದನ್ನು ನಾನು ಕಠಿಣವಾಗಿ ಹೇಳುತ್ತಿಲ್ಲ, ನಾನೂ ಒಬ್ಬ ತಂದೆ. ತಂದೆಗಳು ಮಕ್ಕಳನ್ನು ಕೆಣಕಿ ಮನಗುಂದಿಸಬಾರದೆಂದು ಕೊಲೊಸ್ಸೆಯವರಿಗೆ ಪೌಲನು ಬರೆದಾಗ ತಾಯಂದಿರನ್ನು ಅವನು ಹೊರಗಿಟ್ಟನೆಂದು ನಾನು ತಿಳಿಯುವುದಿಲ್ಲ. ಮನಗುಂದಿದ ಮಗು ಬೈಗುಳ ಕೇಳಿ ಓದಲು ಕೂತರೂ ಪುಸ್ತಕದಲ್ಲಿ ಆ ಬೈಗುಳವನ್ನೇ ಓದುತ್ತಿರುತ್ತದೆ.

ದೇವರಲ್ಲಿ ಕ್ಷಮೆ ಕೇಳಿದಿರಿ, ಒಳ್ಳೆಯದು. ಮಗನಲ್ಲಿ ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಬಳಿಯೇ ಬಿಟ್ಟು, ಮೊದಲು ಹೋಗಿ ನಿನ್ನ ಮೇಲೆ ಮನಸ್ಸು ನೊಂದಿರುವ ಸಹೋದರನೊಡನೆ ಒಂದಾಗು ಎಂದು ಯೇಸುಸ್ವಾಮಿ ಹೇಳಿದ ಕ್ರಮ ಮಗನ ವಿಷಯದಲ್ಲಿ ಬದಲಾಗುವುದಿಲ್ಲ.

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳಬೇಕು. ಸೇವೆಗೆ ಸೇರಿದ ಹೊಸತರಲ್ಲಿ, ಒಂದು ಕ್ರಿಸ್‌ಮಸ್ ಬೆಳಗಿನ ಆರಾಧನೆಗೆ ಗಂಟೆ ಬಾರಿಸುವುದು ತಡವಾಯಿತೆಂದು ದೇವಾಲಯದ ಅಂಗಳದಲ್ಲಿ, ಹೊಸ ಬಟ್ಟೆ ತೊಟ್ಟು ಬಂದ ಜನರೆಲ್ಲರ ಎದುರಿಗೆ ನಮ್ಮ ವಯಸ್ಸಾದ ಗಂಟೆಯಾಳನ್ನು ಗದರಿಸಿದೆ. ಮಧ್ಯಾಹ್ನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ಬಹಳ ಮೆತ್ತಗೆ, "ಬೈದದ್ದು ಎಲ್ಲರ ಎದುರಿಗೆ, ಕ್ಷಮೆ ಕೇಳುವುದು ಮಾತ್ರ ಮನೆಯೊಳಗೆ, ಅಲ್ಲವೇ ಅಯ್ಯನವರೇ?" ಎಂದರು. ಮುಂದಿನ ಭಾನುವಾರ ಪ್ರಸಂಗಕ್ಕೆ ಮುಂಚೆ ಸಭೆಯ ಎದುರಿಗೆ ಅವರ ಕ್ಷಮೆ ಬೇಡಿದೆ. ಗಾಯ ಎಲ್ಲಿ ಆಯಿತೋ ಮದ್ದನ್ನು ಅಲ್ಲಿಯೇ ಹಚ್ಚಬೇಕೆಂಬುದನ್ನು ಅವರಿಂದ ಕಲಿತೆ. ನೀವೂ ತಂಗಿಯ ಮನೆಯವರು ಇನ್ನೊಮ್ಮೆ ಬಂದಾಗ, ಅವರ ಎದುರಿಗೆ, "ಅಂದು ನಾನು ಆಡಿದ್ದು ತಪ್ಪು ಮಾತು, ನೀನು ನನ್ನ ಮಗನಾಗಿರುವುದು ದೇವರು ನನಗೆ ಕೊಟ್ಟ ವರ" ಎಂದು ಹೇಳಿ. ಅಲ್ಲಿಗೆ ನಿಲ್ಲಿಸಿ. "ಆದರೆ ನೀನು ಸ್ವಲ್ಪ ಓದಿದ್ದರೆ" ಎಂಬ ಬಾಲವನ್ನು ಸೇರಿಸಬೇಡಿ.

ಓದಿನ ವಿಷಯ ಮಾತಾಡಲೇಬೇಕು, ಅದು ನಿಮ್ಮ ಕರ್ತವ್ಯ. ಮೊಬೈಲ್ ಕಂಡ ಆ ಗಳಿಗೆಯಲ್ಲಿ ಮಾತ್ರ ಬೇಡ. "ಊಟವಾದ ಮೇಲೆ ಹತ್ತು ನಿಮಿಷ ಮಾತಾಡೋಣ ಮಗನೇ" ಎಂದು ಹೇಳಿ ಒಳಗೆ ಹೋಗಿ, ಕೈಕಾಲು ತೊಳೆದು, ಟೀ ಕುಡಿಯಿರಿ. ತಪ್ಪಿಹೋದ ಮಗನ ಸಾಮ್ಯದಲ್ಲಿ ಹಿರಿಯ ಮಗನು ಸಿಟ್ಟಿನಿಂದ ಮನೆಯೊಳಗೆ ಬಾರದೆ ನಿಂತು, ತಮ್ಮನನ್ನು "ನಿನ್ನ ಈ ಮಗನು" ಎಂದು ತಂದೆಗೆ ಹೇಳುತ್ತಾನೆ; ತಮ್ಮ ಎನ್ನುವುದಕ್ಕೂ ಅವನ ಬಾಯಿ ಬರುವುದಿಲ್ಲ. ತಂದೆ ಅದಕ್ಕಾಗಿ ಅವನನ್ನು ಬೈಯುವುದಿಲ್ಲ. ಹೊರಗೆ ಬಂದು, "ಕಂದಾ" ಎಂದು ಕರೆದು, ಮಾತಿನ ಕೊನೆಗೆ "ಈ ನಿನ್ನ ತಮ್ಮನು" ಎನ್ನುತ್ತಾನೆ. ಒಂದೇ ಪದದಲ್ಲಿ ಹಿರಿಯವನನ್ನು ತಿದ್ದಿದ್ದಾನೆ, ಆ ಪದಕ್ಕೆ ಮೊದಲು "ಕಂದಾ" ಬಂದಿದೆ.

ಪ್ರಶ್ನೆ: ನನ್ನ ಮಾವನವರಿಗೆ ಎಂಬತ್ತೊಂದು ವರ್ಷ. ಮರೆವಿನ ಕಾಯಿಲೆ ಎಂದು ವೈದ್ಯರು ಹೇಳಿದ್ದಾರೆ. ಒಂದೇ ಪ್ರಶ್ನೆಯನ್ನು ದಿನಕ್ಕೆ ಮೂವತ್ತು ಸಲ ಕೇಳುತ್ತಾರೆ. ನಮ್ಮ ಅತ್ತೆಯವರು ತೀರಿಕೊಂಡು ಮೂರು ವರ್ಷವಾಯಿತು, "ಅವಳು ಎಲ್ಲಿ, ಇನ್ನೂ ಬರಲಿಲ್ಲವೇ?" ಎಂದು ಸಂಜೆಯಾದರೆ ಬಾಗಿಲ ಬಳಿ ನಿಲ್ಲುತ್ತಾರೆ. ಸತ್ಯ ಹೇಳಿದರೆ ಪ್ರತಿ ಸಲವೂ ಆಗತಾನೇ ಸುದ್ದಿ ಕೇಳಿದವರಂತೆ ಅಳುತ್ತಾರೆ. ಪೇಟೆಗೆ ಹೋಗಿದ್ದಾರೆ ಎಂದರೆ ಸುಳ್ಳು ಹೇಳಿದ ಪಾಪ ಎನ್ನಿಸುತ್ತದೆ. ಕಳೆದ ವಾರ ತಾಳ್ಮೆ ತಪ್ಪಿ, "ಸತ್ತುಹೋದರು, ಸತ್ತುಹೋದರು, ಎಷ್ಟು ಸಲ ಹೇಳಲಿ" ಎಂದು ಕೂಗಿದೆ. ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ಉತ್ತರ: ಸಹೋದರಿಯೇ, ನಿಮ್ಮ ಪತ್ರವನ್ನು ಓದಿ ಮುಗಿಸಿ ಸ್ವಲ್ಪ ಹೊತ್ತು ಏನನ್ನೂ ಬರೆಯಲಾಗಲಿಲ್ಲ. ಅಸಹ್ಯ ಎಂಬ ಪದವನ್ನು ಮೊದಲು ಅಲ್ಲಿಂದ ತೆಗೆದುಬಿಡಿ.

ಭೂಮಿಯ ಮೇಲಿರುವ ಎಲ್ಲಾ ಮನುಷ್ಯರಿಗಿಂತ ಸಾತ್ವಿಕನೆಂದು ಅರಣ್ಯಕಾಂಡವು ಮೋಶೆಯ ಬಗ್ಗೆ ಹೇಳುತ್ತದೆ. ಅದೇ ಮೋಶೆ ಮೆರೀಬದಲ್ಲಿ ನೀರಿಗಾಗಿ ಗೊಣಗಿದ ಜನರನ್ನು ದ್ರೋಹಿಗಳೆಂದು ಬೈದು, ಬಂಡೆಯನ್ನು ಎರಡು ಸಲ ಹೊಡೆದ. ದುಡುಕಿ ಮಾತಾಡಿದನೆಂದು 106ನೆಯ ಕೀರ್ತನೆ ಅದನ್ನು ನೆನಪಿಸಿಕೊಳ್ಳುತ್ತದೆ. ನಾವು ಆ ಬಂಡೆಯ ಬಗ್ಗೆ ಅನೇಕ ಪ್ರಸಂಗಗಳನ್ನು ಕೇಳಿದ್ದೇವೆ, ಆದರೆ ಬಂಡೆಯ ಕಥೆಯಿರುವ ಅರಣ್ಯಕಾಂಡ 20ನೆಯ ಅಧ್ಯಾಯದ ಮೊದಲನೆಯ ವಚನವನ್ನು ಓದದೆ ದಾಟಿಬಿಡುತ್ತೇವೆ. ಮಿರ್ಯಾಮಳು ಅಲ್ಲಿ ಸತ್ತಳು, ಅಲ್ಲಿಯೇ ಅವಳನ್ನು ಸಮಾಧಿಮಾಡಿದರು ಎಂದು ಅಲ್ಲಿದೆ. ಶಿಶುವಾಗಿದ್ದಾಗ ನೈಲ್ ನದಿಯ ದಡದಲ್ಲಿ ದೂರ ನಿಂತು ತನ್ನನ್ನು ಕಾದಿದ್ದ ಅಕ್ಕನನ್ನು ಮಣ್ಣುಮಾಡಿದ ಮೋಶೆಗೆ ದುಃಖಿಸಲು ಬಿಡುವು ಸಿಗುವ ಮೊದಲೇ ಜನರು ನೀರು ನೀರು ಎಂದು ಮುತ್ತಿಕೊಂಡರು. ಇವೆರಡಕ್ಕೂ ಸಂಬಂಧವಿದೆಯೆಂದು ವಚನವು ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹಾಗೆ ಓದುತ್ತೇನೆ. ಅತ್ಯಂತ ಸಾತ್ವಿಕನ ನಾಲಿಗೆಯೂ ದಣಿವಿನಲ್ಲಿ, ಶೋಕದಲ್ಲಿ ಜಾರಬಲ್ಲದು. ಅತ್ತೆಯವರನ್ನು ಕಳೆದುಕೊಂಡದ್ದು ಮಾವನವರು ಮಾತ್ರವಲ್ಲ, ನೀವೂ ಕಳೆದುಕೊಂಡಿದ್ದೀರಿ, ಅವರ ಸಾವನ್ನು ದಿನಕ್ಕೆ ಮೂವತ್ತು ಸಲ ನಿಮ್ಮ ಬಾಯಿಂದಲೇ ಸಾರಬೇಕಾಗಿ ಬಂದಿದೆ.

ಈಗ ಸತ್ಯದ ಪ್ರಶ್ನೆ. ಸುಳ್ಳು ಹೇಳಬಾರದು ಎಂಬುದಕ್ಕೂ, ಗೊತ್ತಿರುವುದನ್ನೆಲ್ಲ ಕೇಳಿದ ಕ್ಷಣವೇ ಹೇಳಿಬಿಡಬೇಕು ಎಂಬುದಕ್ಕೂ ವ್ಯತ್ಯಾಸವಿದೆ. ಕೊನೆಯ ರಾತ್ರಿ ಯೇಸುಸ್ವಾಮಿ ತನ್ನ ಶಿಷ್ಯರಿಗೆ, ನಿಮಗೆ ಹೇಳಬೇಕಾದದ್ದು ಇನ್ನೂ ಬಹಳ ಉಂಟು, ಆದರೆ ಈಗ ಅದನ್ನು ಹೊರಲಾರಿರಿ ಎಂದು ಹೇಳಿದ್ದನ್ನು ಯೋಹಾನನು 16ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಸತ್ಯವೇ ತಾನೆಂದು ಹೇಳಿದಾತನು ಕೇಳುವವರ ಹೆಗಲನ್ನು ನೋಡಿ ಮಾತನ್ನು ಅಳೆದುಕೊಟ್ಟನು. ನಿಮ್ಮ ಮಾವನವರ ಹೆಗಲು ಈಗ ಆ ಸುದ್ದಿಯನ್ನು ಹೊರಲಾರದು. ಅವರು ಕೇಳುತ್ತಿರುವುದು ಅವರು ಆಡುವ ಪದಗಳಿಗಿಂತ ಬೇರೆ ಇರಬಹುದು. ಹೊತ್ತು ಮುಳುಗುತ್ತಿದೆ, ಮನೆ ಬಿಕೋ ಎನ್ನುತ್ತಿದೆ, ಅಭ್ಯಾಸವಾದ ಕೈ ಹತ್ತಿರದಲ್ಲಿಲ್ಲ. ಈ ಭಯಕ್ಕೆ ಉತ್ತರ ಕೊಡಿ. "ಅತ್ತೆಯವರ ನೆನಪಾಗುತ್ತಿದೆಯೇ ಮಾವ? ಅವರ ಕೈಯಡುಗೆಯ ರುಚಿ ನನಗೆ ಇನ್ನೂ ಬಂದಿಲ್ಲ. ನಿಮ್ಮ ಮದುವೆ ಎಲ್ಲಿ ಆದದ್ದು, ಹೇಳಿ" ಎಂದು ಕೇಳಿ, ಕೈ ಹಿಡಿದು ಒಳಗೆ ಕರೆದುಕೊಂಡು ಬನ್ನಿ. ಹೊಸ ಸಂಗತಿಗಳು ನಿಲ್ಲದ ಮನಸ್ಸಿನಲ್ಲಿ ಹಳೆಯವು ಅನೇಕ ವೇಳೆ ಗಟ್ಟಿಯಾಗಿ ಉಳಿದಿರುತ್ತವೆ. ಅತ್ತೆಯವರು ಕರ್ತನ ಬಳಿ ಕ್ಷೇಮವಾಗಿದ್ದಾರೆ ಎಂದು ಹೇಳಿದರೂ ಅದು ನಮ್ಮ ನಂಬಿಕೆಯ ಪ್ರಕಾರ ಪೂರ್ಣ ಸತ್ಯವೇ. ನೀವು ಆಡಿದ ಮಾತು ಅವರಿಗೆ ಮರೆತುಹೋಗುತ್ತದೆ, ಆದರೆ ಆ ಮಾತು ಎಬ್ಬಿಸಿದ ಭಾವ ಮನಸ್ಸಿನಲ್ಲಿ ಬಹಳ ಹೊತ್ತು ಉಳಿಯುತ್ತದೆ ಎಂದು ಈ ಕಾಯಿಲೆಯವರನ್ನು ನೋಡಿಕೊಳ್ಳುವವರು ಹೇಳುತ್ತಾರೆ. ಕೂಗಿದ್ದರ ಕಸಿವಿಸಿ ಉಳಿಯುವಂತೆ, ಕೈ ಹಿಡಿದದ್ದರ ಸಮಾಧಾನವೂ ಉಳಿಯುತ್ತದೆ.

ಇನ್ನೊಂದು ಮಾತು, ಇದನ್ನು ನಿಮ್ಮ ಮನೆಯವರೂ ಓದಬೇಕು. ಸಾಯುವಂತಾದರೆ ಸಾಕೆಂದು ಎಲೀಯನು ಜಾಲಿಗಿಡದ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಇಟ್ಟು, ತಿನ್ನು ಎಂದ. ಮತ್ತೆ ಮಲಗಲು ಬಿಟ್ಟು, ಪುನಃ ಎಬ್ಬಿಸಿ ತಿನ್ನಿಸಿದ. ನಿದ್ದೆಯಿಲ್ಲದ ಸೊಸೆಗೆ ತಾಳ್ಮೆಯ ಮೇಲೆ ಪ್ರಸಂಗ ಮಾಡುವ ಗಂಡ, ನಾದಿನಿ, ಸಭೆಯ ಹಿರಿಯರು ಮೊದಲು ವಾರದಲ್ಲಿ ಎರಡು ಸಂಜೆ ಮಾವನವರ ಬಳಿ ತಾವು ಕೂತುಕೊಳ್ಳಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮರೆವಿನ ಕಾಯಿಲೆಯವರಿಗೂ ವೃದ್ಧರಿಗೂ ಪ್ರತ್ಯೇಕ ಚಿಕಿತ್ಸಾ ವಿಭಾಗಗಳಿವೆ. ಆರೈಕೆ ಮಾಡುವವರಿಗೂ ಅಲ್ಲಿ ಸಲಹೆ ಕೇಳಬಹುದು. ನಿಮ್ಮ ಮನಸ್ಸೇ ಕುಸಿಯುತ್ತಿದೆ ಎನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತಾಡಬಹುದು. ಹಾಗೆ ಮಾಡುವುದು ನಂಬಿಕೆಯ ಕೊರತೆಯಲ್ಲ.

ಪ್ರಶ್ನೆ: ನಮ್ಮ ಸಭೆಯ ಕಟ್ಟಡ ನಿಧಿಯ ಲೆಕ್ಕವನ್ನು ಮೂರು ವರ್ಷಗಳಿಂದ ಒಪ್ಪಿಸಿಲ್ಲ. ಸಭೆಯ ಆಡಳಿತ ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿಯಲ್ಲಿ ನಾನು ಅದನ್ನು ಕೇಳಿದಾಗ ಧ್ವನಿ ಸ್ವಲ್ಪ ಏರಿದ್ದು ನಿಜ. ಕೂಡಲೇ ಅಧ್ಯಕ್ಷತೆ ವಹಿಸಿದ್ದವರು "ಮೃದುವಾದ ಪ್ರತ್ಯುತ್ತರವು ಸಿಟ್ಟನ್ನಾರಿಸುವದು" ಎಂಬ ವಚನವನ್ನು ಓದಿ, ಪ್ರಾರ್ಥನೆ ಮಾಡಿ, ಕೂಟವನ್ನು ಮುಗಿಸಿಬಿಟ್ಟರು. ಕ್ರೈಸ್ತನಾದವನು ಲೆಕ್ಕ ಕೇಳಬಾರದೇ?

ಉತ್ತರ: ಕೇಳಬೇಕು. ಜ್ಞಾನೋಕ್ತಿಗಳು 15ರ ಆ ವಚನವನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಅಲ್ಲಿ ಹೊಗಳಿರುವುದು ಮೃದುವಾದ ಪ್ರತ್ಯುತ್ತರವನ್ನು. ಪ್ರತ್ಯುತ್ತರ ಎಂದರೆ ಕೇಳಿದ್ದಕ್ಕೆ ಕೊಡುವ ಉತ್ತರ. ಉತ್ತರ ಕೊಡಬೇಕಾದ ಸ್ಥಾನದಲ್ಲಿ ಇರುವವರಿಗೆ ಆ ವಚನವು ಹೇಳುವುದು, ನಿನ್ನ ಎದುರಿಗಿರುವವನು ಸಿಟ್ಟಾಗಿದ್ದರೂ ನೀನು ಮೃದುವಾಗಿ ಉತ್ತರಿಸು ಎಂದು. ಉತ್ತರವನ್ನೇ ಕೊಡದೆ, ಕೇಳಿದವನ ಬಾಯಿಗೆ ಅದೇ ವಚನವನ್ನು ಬೀಗವಾಗಿ ಹಾಕುವುದು ದೇವರ ವಾಕ್ಯಕ್ಕೆ ಮಾಡುವ ಅನ್ಯಾಯ. ಇದನ್ನು ನೋಡಿ ನನಗೆ ಬಹಳ ನೋವಾಗಿದೆ, ಏಕೆಂದರೆ ಹೀಗೆ ಮಾಡಿದಾಗ ಯುವಕರು ಲೆಕ್ಕದ ಮೇಲೆ ಮಾತ್ರವಲ್ಲ, ವಚನದ ಮೇಲೆಯೂ ವಿಶ್ವಾಸ ಕಳೆದುಕೊಳ್ಳುತ್ತಾರೆ.

ಆದಿ ಸಭೆಯಲ್ಲಿಯೂ ಇಂಥ ಗೊಣಗಾಟ ಎದ್ದಿತು. ದಿನದಿನದ ಉಪಚಾರದಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಭಾಷೆಯವರು ದೂರಿದರು. ಅಪೊಸ್ತಲರು ಪ್ರೀತಿಯಿಂದ ಮಾತಾಡಿರಿ ಎಂದು ಹೇಳಿ ಅವರನ್ನು ಕಳುಹಿಸಲಿಲ್ಲ. ಇಡೀ ಸಭೆಯನ್ನು ಕರೆದು, ಒಳ್ಳೆಯ ಹೆಸರುಳ್ಳ ಏಳು ಜನರನ್ನು ಆರಿಸಿಕೊಳ್ಳುವಂತೆ ಹೇಳಿ, ಅವರಿಗೆ ಕೆಲಸವನ್ನು ಒಪ್ಪಿಸಿದರು. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದ ಪೌಲನು, ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದೆಂದು ಎಚ್ಚರದಿಂದಿದ್ದೇವೆ, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾದುದನ್ನೇ ಮಾಡುತ್ತೇವೆ ಎಂಬ ಅರ್ಥದಲ್ಲಿ ಕೊರಿಂಥದವರಿಗೆ ಬರೆದನು. ಲೆಕ್ಕ ತೋರಿಸುವುದು ದಯೆಯ ಒಂದು ರೂಪ, ಏಕೆಂದರೆ ಅದು ಇನ್ನೊಬ್ಬರನ್ನು ಸಂಶಯದ ಪಾಪದಿಂದ ಉಳಿಸುತ್ತದೆ. ಅದೇ ಕೊರಿಂಥದ ಸಭೆಗೇ, ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಹಂಚಿಹೋಗಿ, ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಿದ್ದ ಜನರಿಗೇ, "ಪ್ರೀತಿ ಬಹು ತಾಳ್ಮೆಯುಳ್ಳದ್ದು" ಎಂಬ ಮಾತು ಬಂದದ್ದು. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಅದನ್ನು ಓದಿ ಓದಿ, ಅದು ಮೊದಲು ಕಮಿಟಿಯ ಮೇಜಿನ ಮುಂದೆ ಓದಬೇಕಾದ ಅಧ್ಯಾಯವೆಂಬುದನ್ನು ನಾವು ಮರೆತಿದ್ದೇವೆ.

ಇಷ್ಟು ಹೇಳಿದ ಮೇಲೆ ನಿಮ್ಮ ಏರಿದ ಧ್ವನಿಯ ಬಗ್ಗೆಯೂ ಹೇಳಬೇಕು. ಮಹಾಯಾಜಕನ ಎದುರಿನಲ್ಲಿ ಓಲೇಕಾರನು ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ಸುಮ್ಮನಿರಲಿಲ್ಲ. ನಾನು ತಪ್ಪಾಗಿ ಮಾತಾಡಿದ್ದರೆ ಅದನ್ನು ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದನು. ಆ ಮಾತಿನಲ್ಲಿ ಬೈಗುಳವೂ ಇಲ್ಲ, ಹಿಂಜರಿಕೆಯೂ ಇಲ್ಲ, ಬರೀ ಪ್ರಶ್ನೆಯಿದೆ. ಅಂಥದೇ ಸಂದರ್ಭದಲ್ಲಿ ಪೌಲನು "ಸುಣ್ಣ ಹಚ್ಚಿದ ಗೋಡೆಯೇ" ಎಂದುಬಿಟ್ಟು, ಎದುರಿಗಿರುವವನು ಮಹಾಯಾಜಕನೆಂದು ತಿಳಿದ ಕೂಡಲೇ ಎಲ್ಲರ ಮುಂದೆ ತನ್ನನ್ನು ತಿದ್ದಿಕೊಂಡನು. ಧ್ವನಿ ಏರಿದ್ದಕ್ಕೆ ಮುಂದಿನ ಕೂಟದ ಆರಂಭದಲ್ಲಿಯೇ ಕ್ಷಮೆ ಕೇಳಿ, ಪ್ರಶ್ನೆಯನ್ನು ಮಾತ್ರ ಹಿಂತೆಗೆದುಕೊಳ್ಳಬೇಡಿ. ಅದಕ್ಕೂ ಮೊದಲು ಖಜಾಂಚಿಯನ್ನು ಒಬ್ಬರೇ ಹೋಗಿ ಕಾಣಿರಿ, ಮತ್ತಾಯ 18ರಲ್ಲಿ ಇರುವ ಮೊದಲ ಹೆಜ್ಜೆ ಅದೇ. ಆಗದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗಿ. ನಂತರ ಲಿಖಿತವಾಗಿ, ಯಾವ ವರ್ಷದ ರಸೀದಿ ಪುಸ್ತಕ, ಯಾವ ಬ್ಯಾಂಕ್ ಪಾಸ್‌ಬುಕ್, ಯಾವ ಬಿಲ್ಲುಗಳು ಬೇಕೆಂದು ಹೆಸರಿಸಿ ಕೇಳಿ. "ಲೆಕ್ಕ ತೋರಿಸಿ" ಎಂಬುದು ನಿಮ್ಮ ಹಕ್ಕು, "ಕಳ್ಳರು" ಎಂಬುದು ಇನ್ನೂ ಯಾರೂ ಕೊಡದ ತೀರ್ಪು. ಕೊಲೊಸ್ಸೆಯವರಿಗೆ ಬರೆಯುವಾಗ ಪೌಲನು ಮಾತು ಕೃಪೆಯುಳ್ಳದ್ದಾಗಿ, ಉಪ್ಪಿನಿಂದ ಹದವಾಗಿರಲಿ ಎಂದ. ಉಪ್ಪಿಲ್ಲದ ಗಂಜಿ ಬಾಯಿಗೆ ಸೇರುವುದಿಲ್ಲ, ಹಿಡಿ ಉಪ್ಪು ಸುರಿದ ಗಂಜಿಯೂ ಸೇರುವುದಿಲ್ಲ.

ಆರಾಧನೆ ಮುಗಿದ ಮೇಲೆ ಗೇಟಿನ ಬಳಿ ನಿಂತು ಈ ವಿಷಯವನ್ನು ಚರ್ಚಿಸಬೇಡಿ. ಹಿಪ್ಪೋ ಪಟ್ಟಣದ ಬಿಷಪರಾಗಿದ್ದ ಸಂತ ಅಗಸ್ಟೀನರು, ಎದುರಿಗಿಲ್ಲದವರ ಬದುಕನ್ನು ಕಚ್ಚಿ ತಿನ್ನುವವರಿಗೆ ಇಲ್ಲಿ ಊಟವಿಲ್ಲ ಎಂಬ ಅರ್ಥದ ಪದ್ಯವನ್ನು ತಮ್ಮ ಊಟದ ಮೇಜಿನ ಮೇಲೆ ಬರೆಸಿದ್ದರು. ಒಮ್ಮೆ ಅವರ ಆಪ್ತರಾದ ಬಿಷಪರುಗಳೇ ಅದನ್ನು ಮರೆತು ಮಾತಾಡಿದಾಗ, ಒಂದೋ ಈ ಸಾಲುಗಳನ್ನು ಅಳಿಸಬೇಕು, ಇಲ್ಲವೇ ನಾನು ಊಟದ ನಡುವೆಯೇ ಎದ್ದು ಹೋಗಬೇಕು ಎಂದು ಖಂಡಿತವಾಗಿ ಹೇಳಿದರಂತೆ. ಅವರೊಡನೆ ಬದುಕಿದ ಪೊಸ್ಸಿದಿಯುಸ್ ಇದನ್ನು ದಾಖಲಿಸಿದ್ದಾನೆ. ಮುಖದ ಮುಂದೆ ಕಠಿಣ ಪ್ರಶ್ನೆ ಕೇಳಿ, ಬೆನ್ನ ಹಿಂದೆ ಏನನ್ನೂ ಆಡಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವಾಗಿದೆ.

ಪ್ರಶ್ನೆ: ಕಾಲೇಜಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬನು ನಮ್ಮ ಧರ್ಮವನ್ನು ಹೀಯಾಳಿಸುವ ಸಂದೇಶಗಳನ್ನು ಮೇಲಿಂದ ಮೇಲೆ ಹಾಕುತ್ತಾನೆ. ನಾನು ಖಾರವಾಗಿ ಉತ್ತರಿಸಿದೆ, ಜಗಳವಾಯಿತು. ಗುಂಪನ್ನು ಬಿಡಲೇ?

ಉತ್ತರ: ತಮ್ಮಾ, ಬಿಡುವುದೂ ಉಳಿಯುವುದೂ ನಿನಗೆ ಬಿಟ್ಟದ್ದು. ನಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಸಾತ್ವಿಕತ್ವದಿಂದ ಉತ್ತರ ಹೇಳಲು ಸಿದ್ಧವಾಗಿರಬೇಕೆಂದು ಬರೆದದ್ದು ಪೇತ್ರನು. ಗೆತ್ಸೇಮನೆಯ ತೋಟದಲ್ಲಿ ಕತ್ತಿ ಬೀಸಿ ಮಲ್ಕನೆಂಬ ಆಳಿನ ಬಲಗಿವಿಯನ್ನು ಕತ್ತರಿಸಿದ್ದೂ ಅದೇ ಪೇತ್ರನು. ಕಿವಿಯನ್ನು ಕತ್ತರಿಸಿದ ಮೇಲೆ ಸುವಾರ್ತೆಯನ್ನು ಯಾವ ಕಿವಿಗೆ ಹೇಳುವುದು? ಯೇಸುಸ್ವಾಮಿ ಆ ಕಿವಿಯನ್ನು ಮುಟ್ಟಿ ವಾಸಿಮಾಡಿದ್ದನ್ನು ಪೇತ್ರನು ಮರೆತಿರಲಾರ, ಆ ವಚನದ ಹಿಂದೆ ಆ ರಾತ್ರಿಯ ನೆನಪು ಇದೆಯೆಂದೇ ನಾನು ತಿಳಿದಿದ್ದೇನೆ. ಸಂದೇಶದಲ್ಲಿ ಸುಳ್ಳು ಸಂಗತಿ ಇದ್ದರೆ ಒಂದು ಸಲ, ಎರಡು ಸಾಲಿನಲ್ಲಿ, ಸರಿಯಾದ ಸಂಗತಿಯನ್ನು ಬರೆ. ಉಳಿದದ್ದಕ್ಕೆ ಆ ಗೆಳೆಯನನ್ನು ಕಾಲೇಜಿನ ಕ್ಯಾಂಟೀನಿಗೆ ಕರೆದು ಎದುರಿಗೆ ಕೂರಿಸಿಕೊಂಡು ಕೇಳು: "ನಮ್ಮವರಿಂದ ನಿನಗೆ ಏನಾದರೂ ನೋವಾಗಿದೆಯೇ?" ಅವನು ಹೇಳುವಾಗ ಮಧ್ಯೆ ಬಾಯಿ ಹಾಕಬೇಡ. ಅವನು ಹೇಳುವುದರಲ್ಲಿ ನಿಜವಿದ್ದರೆ ಒಪ್ಪಿಕೊ.

ಪ್ರಶ್ನೆ: ನನ್ನ ಗಂಡ ಸಭೆಯಲ್ಲಿ ಗೌರವಸ್ಥರು. ಮನೆಯಲ್ಲಿ ಹದಿನಾಲ್ಕು ವರ್ಷಗಳಿಂದ ಪ್ರತಿದಿನ ನನ್ನನ್ನು, ನನ್ನ ತವರಿನವರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಮಕ್ಕಳ ಎದುರಿಗೆ ತಟ್ಟೆ ಎಸೆಯುತ್ತಾರೆ. ಈಚೆಗೆ ಎರಡು ಸಲ ಕೈ ಮಾಡಿದರು. ಹಿರಿಯರಿಗೆ ಹೇಳಿದರೆ "ತಾಳಿದವನು ಬಾಳಿಯಾನು, ನೀನು ಮೃದುವಾಗಿ ಮಾತಾಡಿದರೆ ಅವನೂ ಬದಲಾಗುತ್ತಾನೆ" ಎನ್ನುತ್ತಾರೆ. ಇನ್ನೂ ಎಷ್ಟು ಮೃದುವಾಗಬೇಕು?

ಉತ್ತರ: ನನ್ನ ತಂಗಿಯೇ, ಇನ್ನು ಬೇಡ. ನಿಮ್ಮ ಪತ್ರದಲ್ಲಿ ಇರುವುದು ಮಾತಿನ ಮೃದುತ್ವದ ಸಮಸ್ಯೆಯೇ ಅಲ್ಲ. ಪೆಟ್ಟು ತಿನ್ನುವವಳಿಗೆ ತಾಳ್ಮೆಯನ್ನು ಬೋಧಿಸಿ, ಪೆಟ್ಟು ಕೊಡುವವನಿಗೆ ಕಾಣಿಕೆ ತಟ್ಟೆ ಹಿಡಿಯುವ ಗೌರವ ಕೊಡುವುದು ಸಭೆಯ ತಪ್ಪು. ಸಭಾಪಾಲಕನಾಗಿ ಅದಕ್ಕಾಗಿ ನಾನು ನಿಮ್ಮ ಕ್ಷಮೆ ಕೇಳುತ್ತೇನೆ.

ಗಂಡಂದಿರು ಹೆಂಡತಿಯರಿಗೆ ನಿಷ್ಠುರವಾಗಿರಬಾರದೆಂಬ ಪೌಲನ ಆಜ್ಞೆ ಕೊಲೊಸ್ಸೆಯ ಪತ್ರಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಇದೆ. ಹೆಂಡತಿಗೆ ಮಾನ ಸಲ್ಲಿಸದವನ ಪ್ರಾರ್ಥನೆಗಳಿಗೆ ಅಡ್ಡಿಯಾಗುತ್ತದೆ ಎಂದು ಪೇತ್ರನು ಎಚ್ಚರಿಸುತ್ತಾನೆ. ಸಹೋದರನನ್ನು ಮೂರ್ಖನೆಂದು ಕರೆಯುವವನು ನರಕಾಗ್ನಿಗೆ ಗುರಿಯಾಗುವನು ಎಂದದ್ದು ಸ್ವತಃ ಯೇಸುಸ್ವಾಮಿ. ಈ ಮೂರು ಮಾತುಗಳನ್ನು ಯಾರೂ ನಿಮ್ಮ ಗಂಡನ ಎದುರಿಗೆ ಓದಲಿಲ್ಲವೆಂದು ಕಾಣುತ್ತದೆ.

ಒಂದನೆಯ ಸಮುವೇಲ 25ರಲ್ಲಿ ಅಬೀಗೈಲಳಿದ್ದಾಳೆ. ಒರಟನೂ ಕುಡುಕನೂ ಆದ ನಾಬಾಲನ ಹೆಂಡತಿ. ಅವನ ಬಿರುನುಡಿಯಿಂದಾಗಿ ದಾವೀದನು ನಾನೂರು ಜನರೊಡನೆ ಕತ್ತಿ ಕಟ್ಟಿಕೊಂಡು ಹೊರಟಾಗ, ಇನ್ನೂರು ರೊಟ್ಟಿ, ಎರಡು ಬುದ್ದಲಿ ದ್ರಾಕ್ಷಾರಸ, ಐದು ಕುರಿಗಳ ಮಾಂಸ ಎಲ್ಲವನ್ನೂ ಕತ್ತೆಗಳ ಮೇಲೆ ಹೇರಿಸಿ, ಗಂಡನಿಗೆ ತಿಳಿಸದೆ ಹೋಗಿ ತನ್ನ ಮೃದು ಮಾತಿನಿಂದ ಮನೆಯವರನ್ನು ಉಳಿಸಿದಳು. ಅವಳ ಮೃದುತ್ವವನ್ನು ಎಲ್ಲರೂ ಹೊಗಳುತ್ತಾರೆ. ಅವಳು ಗಂಡನ ತಪ್ಪನ್ನು ಮುಚ್ಚಿಡಲಿಲ್ಲ, ಅವನ ಅಪ್ಪಣೆಗೆ ಕಾಯಲಿಲ್ಲ, ಹೊರಗಿನವರ ಸಹಾಯವಿಲ್ಲದೆ ಒಬ್ಬಳೇ ಸಹಿಸಲಿಲ್ಲ ಎಂಬುದನ್ನು ಹೇಳುವವರು ಕಡಿಮೆ. ಅಂದು ರಾತ್ರಿ ಅವನು ಕುಡಿದಿದ್ದನೆಂದು ಏನೂ ಹೇಳದೆ, ಬೆಳಗ್ಗೆ ಅಮಲು ಇಳಿದ ಮೇಲೆ ನಡೆದದ್ದನ್ನೆಲ್ಲ ತಿಳಿಸಿದಳು. ಅವಳ ತಾಳ್ಮೆ ಒಂದು ರಾತ್ರಿಯದು. ಹದಿನಾಲ್ಕು ವರ್ಷದ್ದಲ್ಲ.

ನಮ್ಮ ದೇಶದಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾನೂನು, ಹೊಡೆತವನ್ನು ಮಾತ್ರವಲ್ಲ, ಬೈಗುಳ ಮತ್ತು ಮಾನಸಿಕ ಹಿಂಸೆಯನ್ನೂ ದೌರ್ಜನ್ಯವೆಂದೇ ಪರಿಗಣಿಸುತ್ತದೆ. ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ, ರಕ್ಷಣೆಯ ಆದೇಶವನ್ನೂ ನ್ಯಾಯಾಲಯದಿಂದ ಕೇಳಲು ಅದರಲ್ಲಿ ಅವಕಾಶವಿದೆ. ಮಹಿಳಾ ಸಹಾಯವಾಣಿ 181ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಬಹುದು, ಅಪಾಯದ ಗಳಿಗೆಯಲ್ಲಿ 112ಕ್ಕೆ ಕರೆ ಮಾಡಿ. ಜಿಲ್ಲೆಯ ಸಖಿ ಕೇಂದ್ರದಲ್ಲಿ ತಾತ್ಕಾಲಿಕ ಆಶ್ರಯ, ಚಿಕಿತ್ಸೆ, ಕಾನೂನು ಸಲಹೆ ಸಿಗುತ್ತವೆ. ಇದನ್ನು ಮಾಡಿದರೆ ಗಂಡನನ್ನು ಕ್ಷಮಿಸಲಿಲ್ಲ ಎಂದಾಗುವುದಿಲ್ಲ. ದೂರದಲ್ಲಿ, ಸುರಕ್ಷಿತವಾಗಿ ಇದ್ದುಕೊಂಡೂ ಅವರಿಗಾಗಿ ಪ್ರಾರ್ಥಿಸಬಹುದು. ಅವರು ನಿಜವಾಗಿ ಬದಲಾಗುವವರಾದರೆ ಆ ದೂರವೇ ಅವರಿಗೂ ಸಮಯ ಕೊಡುತ್ತದೆ.

ಈ ಪತ್ರಿಕೆ ನಿಮ್ಮ ಮನೆಗೂ ಬರುತ್ತದೆ ಎಂದು ಬರೆದಿದ್ದೀರಿ. ಆದುದರಿಂದ ವರ್ಷಗಳ ಲೆಕ್ಕವನ್ನೂ ಮನೆಯ ವಿವರಗಳನ್ನೂ ಬದಲಿಸಿದ್ದೇನೆ, ಪತ್ರದ ಮೂಲಪ್ರತಿ ನನ್ನ ಬಳಿಯೇ ಇದೆ. ನಿಮಗೆ ಮನೆಯ ವಿಳಾಸಕ್ಕೆ ಬರೆಯುವುದಿಲ್ಲ, ಫೋನೂ ಮಾಡುವುದಿಲ್ಲ. ನೀವು ಹೆಸರಿಸಿದ ಆ ಗೆಳತಿಯ ಮನೆಗೆ, ನೀವು ಹೇಳಿದ ವಾರದ ದಿನದಲ್ಲಿ, ನನ್ನ ಹೆಂಡತಿ ಬಂದು ನಿಮ್ಮನ್ನು ಕಾಣುತ್ತಾಳೆ.